ಮಾಲ್ಪುರಿ ಹುಡುಕಿಕೊಂಡು...

"ಮಾಲ್ಪುರಿ ಸಿಗ್ತಾವೇನೋ ಈಗೂ?"

ಆಪರೇಷನ್ ಆಗಿ ಐದನೇ ದಿನ ಅವ್ವ ತಾನಾಗಿಯೇ ಬಾಯಿಬಿಟ್ಟು ಕೇಳಿದ್ದು ಇದನ್ನ. ಅಲ್ಲಿವರೆಗೂ ನಾಲ್ಕು ಚಮಚ ಗಂಜಿ ಕುಡಿಸೋಕೆ ಒಂದು ತಾಸು ಬೇಕಾಗ್ತಿತ್ತು. ಡಾಕ್ಟರನ್ನ ಕೇಳಿದೆ. "ಒಂದು ತುಂಡು, ಅಷ್ಟೇ" ಅಂದರು.

ನಮ್ಮೂರು ಕರಜಗಿ, ಅಫಜಲಪುರ ತಾಲೂಕು. ನಮಗೆ ಶಹರ ಅಂದ್ರೆ ಕಲಬುರಗಿ. (ಸರಕಾರ ಗುಲ್ಬರ್ಗಾ ಅನ್ನೋದನ್ನ ಬಿಟ್ಟಿದ್ದು 2014ರ ನವೆಂಬರ್ 1ಕ್ಕೆ. ಅವ್ವನ ಬಾಯಲ್ಲಿ ಅದು ಯಾವತ್ತೂ ಕಲಬುರ್ಗಿನೇ.) ಅಪ್ಪ ವರ್ಷಕ್ಕೊಮ್ಮೆ ತೊಗರಿ ಚೀಲ ಹೇರಿಕೊಂಡು ಅಲ್ಲಿನ ನೆಹರು ಗಂಜಿಗೆ ಹೋಗ್ತಿದ್ದ. ರೇಟು ಚಲೋ ಸಿಕ್ಕರೆ ವಾಪಸ್ ಬರುವಾಗ ಕೈಯಲ್ಲಿ ಮಾಲ್ಪುರಿ ಪೊಟ್ಟಣ. ಇಲ್ಲಾಂದ್ರೆ ಬರಿಗೈ. ಅಪ್ಪ ಹೊಸ್ತಿಲು ದಾಟೋದ್ರೊಳಗೆ ಅವ್ವ ಅವನ ಕೈ ನೋಡಿರ್ತಿದ್ಳು. ಆ ವರ್ಷ ಹೆಂಗೆ ಅಂತ ಅಷ್ಟರಲ್ಲೇ ಗೊತ್ತಾಗ್ತಿತ್ತು. ಅವಳು ಕೇಳ್ತಿರಲಿಲ್ಲ, ಅವನು ಹೇಳ್ತಿರಲಿಲ್ಲ.

ಅಪ್ಪ ಹೋಗಿ ಒಂಬತ್ತು ವರ್ಷ ಆಯ್ತು. ಆ ಪೊಟ್ಟಣ ಯಾವ ಅಂಗಡಿಯದು ಅಂತ ಒಮ್ಮೆಯೂ ಕೇಳಿಟ್ಟುಕೊಂಡಿರಲಿಲ್ಲ ನಾನು.

ಹಂಗೆ ನೋಡಿದ್ರೆ ಕಲಬುರಗಿಯಲ್ಲಿ ಮೂರು ವರ್ಷ ಡಿಗ್ರಿ ಓದಿದವ ನಾನು. ಊರೆಲ್ಲ ಗೊತ್ತು ಅನ್ನೋ ಧಿಮಾಕು ಇತ್ತು. ಬೆಂಗಳೂರಿನ ಗೆಳೆಯರು ಬಂದ್ರೆ ಕೋಟೆಗೆ ಕರಕೊಂಡು ಹೋಗಿ "1347ರಲ್ಲಿ ಶುರುವಾದ ಬಹಮನಿ ರಾಜ್ಯಕ್ಕೆ ಇದೇ ರಾಜಧಾನಿ ಆಗಿತ್ತು, ಈ ಜಾಮಿ ಮಸೀದಿ 1367ರದ್ದು, ನೋಡ್ರಿ ಅಂಗಳನೇ ಇಲ್ಲ, ಪೂರ್ತಿ ಗುಮ್ಮಟಗಳ ಸೂರು" ಅಂತ ಗೈಡ್ ಥರ ಭಾಷಣ ಬಿಗೀತಿದ್ದೆ :) ಊರೊಳಗಿನ ಗಲ್ಲಿಗಳು ಗೊತ್ತಾಗಿದ್ದು ಮಾತ್ರ ಕಳೆದ ಫೆಬ್ರವರಿಯಲ್ಲಿ, ದವಾಖಾನೆಯಲ್ಲಿ ಹನ್ನೊಂದು ದಿನ 'ಪೇಶಂಟ್ ಕಡೆಯವ'ನಾಗಿ ಇದ್ದಾಗ.

ಪೇಶಂಟ್ ಕಡೆಯವರ ಊರೇ ಬೇರೆ ಇರುತ್ತೆ. ನಸುಕಿನ ಐದಕ್ಕೆ ಚಹಾ ಎಲ್ಲಿ ಸಿಗುತ್ತೆ, ಮೊಬೈಲ್ ಚಾರ್ಜ್ ಮಾಡಿಕೊಳ್ಳೋಕೆ ಯಾರು ಬಿಡ್ತಾರೆ, ಯಾವ ಗಾಡಿಯಲ್ಲಿ ಸುಸಲಾ ಬೆಳಿಗ್ಗೆ ಎಂಟಕ್ಕೇ ಖಾಲಿ ಆಗುತ್ತೆ - ಎರಡೇ ದಿನದಲ್ಲಿ ಕಲಿತುಬಿಡ್ತೀವಿ. ನೆನೆಸಿದ ಮಂಡಕ್ಕಿಗೆ ಉಳ್ಳಾಗಡ್ಡಿ ಒಗ್ಗರಣೆ, ಮ್ಯಾಲೆ ಪುಟಾಣಿ ಹಿಟ್ಟು, ಬದಿಗೆ ಒಂದು ಬಿಸಿ ಮಿರ್ಚಿ. ಮಧ್ಯಾಹ್ನಕ್ಕೆ ಹಿಂದಿನ ಗಲ್ಲಿಯ ಖಾನಾವಳಿ. ಬೋರ್ಡು ಇಲ್ಲ, ರೊಟ್ಟಿ ಬಡಿಯೋ ಸಪ್ಪಳ ಕೇಳಿಕೊಂಡೇ ಹೋಗಬೇಕು. ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಮೂರನೇ ದಿನ ಆ ಅಕ್ಕ ಕೇಳಿದಳು, "ಅವ್ವಗ ಹೆಂಗದ ಈಗ?" ಅವತ್ತಿನಿಂದ ಊರು ಸ್ವಲ್ಪ ನಮ್ಮದು ಅನ್ನಿಸ್ತು.

ಮಾಲ್ಪುರಿ ಹುಡುಕೋಕೆ ಮೊದಲು ಹೋಗಿದ್ದು ಗಂಜಿಗೆ, ಅಪ್ಪ ಹೋಗ್ತಿದ್ದ ಜಾಗ ಅಂತ. ತೊಗರಿ ಸುಗ್ಗಿ, ರಾಶಿ ರಾಶಿ ಚೀಲ, ಧೂಳು. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ, ಹೆಸರು ದೊಡ್ಡದು. ಹದಿನೈದು ದಿನದ ಹಿಂದೆ ಅಲ್ಲೇ ನಮ್ಮ ತೊಗರಿ ಮಾರಿದ್ದೆ. ಆಪರೇಷನ್ನಿಗೆ ದುಡ್ಡು ಬೇಕಿತ್ತು, ಕಾಯೋ ಹಂಗಿರಲಿಲ್ಲ, ಸಿಕ್ಕಿದ ರೇಟಿಗೆ ಕೊಟ್ಟು ಬಂದಿದ್ದೆ. ಅವ್ವನಿಗೆ ಹೇಳಿರಲಿಲ್ಲ.

ಒಬ್ಬ ಹಮಾಲಿ ಮುದುಕ ನಕ್ಕ. "ಗಂಜಿನ್ಯಾಗ ಎಲ್ಲಿ ಸಿಗ್ತಾವ್ರೀ! ಚೌಕ್ ದಾಟಿ ದರ್ಗಾ ಕಡಿ ಹೋಗ್ರಿ."

ಸೂಪರ್ ಮಾರ್ಕೆಟ್ ದಾಟಿ ಚೌಕ್, ಅಲ್ಲಿಂದ ಗಲ್ಲಿಯೊಳಗೆ ಗಲ್ಲಿ. ಎರಡು ಸಲ ದಾರಿ ತಪ್ಪಿ ಬಂದ ಜಾಗಕ್ಕೇ ಬಂದೆ. ಹಿತ್ತಾಳೆ ಸಾಮಾನು, ಅತ್ತರು, ಕಬ್ಬಿಣದ ಹಂಚು, ಬಳೆ. ಒಂದು ಮೂಲೆಯಲ್ಲಿ ದೊಡ್ಡ ಡೇಗ್ಚಿ ತೆಗೆದ್ರು ನೋಡಿ, ತಹರಿ ವಾಸನೆ! ಅರಿಶಿನ ಬಣ್ಣದ ಅನ್ನ, ಮಾಂಸ, ಮಸಾಲೆ. ಕಾಲೇಜಿನಲ್ಲಿದ್ದಾಗ ರೂಮ್‌ಮೇಟ್ ಜೊತೆ ಕದ್ದು ತಿಂತಿದ್ದೆ. ಅವ್ವನಿಗೆ ಇವತ್ತಿಗೂ ಗೊತ್ತಿಲ್ಲ, ನೀವೂ ಹೇಳಬೇಡಿ :) ಒಂದು ಪ್ಲೇಟ್ ತಿಂದು ಅಲ್ಲಿದ್ದ ಚಾಚಾನಿಗೆ ಮಾಲ್ಪುರಿ ವಿಷಯ ಕೇಳಿದೆ. ಯಾರಿಗೆ ಅಂದ. ಹೇಳಿದೆ. ಕೈ ಒರೆಸಿಕೊಂಡು ಒಳಗಿನ ಹುಡುಗನನ್ನ ಕರೆದು ನನ್ನ ಜೊತೆ ಕಳಿಸಿದ.

ದಾರಿಯಲ್ಲಿ ಹುಡುಗ ದರ್ಗಾ ಇರೋ ದಿಕ್ಕು ತೋರಿಸಿ ಅಮ್ಮಿಗೋಸ್ಕರ ದುವಾ ಕೇಳ್ಕೊಳ್ರಿ ಅಂದ. ಅವ್ವ ಹರಕೆ ಹೊತ್ತಿದ್ದು ಶರಣಬಸವೇಶ್ವರ ಅಪ್ಪನಿಗೆ. ಬಂದೇ ನವಾಜರು ತೀರಿದ್ದು 1422ರಲ್ಲಿ, ಶರಣಬಸವೇಶ್ವರರು ಲಿಂಗೈಕ್ಯರಾದದ್ದು 1822ರಲ್ಲಿ, ಸರಿಯಾಗಿ ನಾನೂರು ವರ್ಷ. ಈ ಊರಿನ ಜನ ಕಷ್ಟ ಬಂದ್ರೆ ಎರಡೂ ಕಡೆ ಹೋಗ್ತಾರೆ. ನಾನೂ ನಿಂತು ಕೈ ಮುಗಿದೆ.

ಅಂಗಡಿ ಅಂದ್ರೆ ಒಂದು ಕಟ್ಟೆ, ಒಂದು ಒಲೆ. ಮೈದಾ, ಖೋವಾ ಹಾಕಿ ಮಾಡಿದ ತೆಳು ಮೆತ್ತನೆ ಪುರಿಗಳು, ಸಕ್ಕರೆ ಪಾಕದಲ್ಲಿ ಮಿಂದಂಥವು. ಬಿಸಿಬಿಸಿ ನಾಲ್ಕು ಕಟ್ಟಿಸಿಕೊಂಡು ಆಟೋದಲ್ಲಿ ವಾಪಸ್ ಓಡಿದೆ.

ಅವ್ವ ಒಂದು ತುಂಡು ಬಾಯಿಗೆ ಹಾಕಿಕೊಂಡಳು. ಸುಮಾರು ಹೊತ್ತು ಅಗಿದಳು.

"ಚಲೋ ಅವ. ಆದ್ರ ಇವಲ್ಲ."

ನನಗೆ ಅಳುವೇ ಬಂತು. ಆಮೇಲೆ ಅವಳೇ ಅಂದಳು, "ನಿಮ್ಮಪ್ಪ ತಂದಿದ್ದು ತಣ್ಣಗಿರ್ತಿದ್ವು. ಬಸ್ಸಿನ್ಯಾಗ ಒತ್ತಿ ಕಾಗದಕ್ಕ ಅಂಟಿರ್ತಿದ್ವು. ಕಾಗದ ನೆಕ್ಕತಿದ್ದೆ ನಾ."

ಉಳಿದಿದ್ದನ್ನ ಪಕ್ಕದ ಬೆಡ್ಡಿನವರಿಗೆ ಕೊಡು ಅಂದಳು. ಕೊಟ್ಟು ಬಂದೆ. ಆಗ ನನ್ನ ಕೈಯನ್ನೇ ನೋಡ್ತಾ ಕೇಳಿದಳು, "ತೊಗರಿ ರೇಟು ಚಲೋ ಸಿಕ್ತೇನು?"

"ಹ್ಞೂ" ಅಂದೆ.

ಅಂದ ಮೇಲೆ ಹೊಳೀತು, ಅಪ್ಪ ತಂದ ಪೊಟ್ಟಣಗಳಲ್ಲೂ ಇಂಥವು ಎಷ್ಟಿದ್ವೋ ಅಂತ. ಅವ್ವ ಏನೂ ಅನ್ನಲಿಲ್ಲ, ಕಣ್ಣು ಮುಚ್ಚಿಕೊಂಡಳು. ಅವಳಿಗೆ ಮೊದಲಿಂದಲೂ ಗೊತ್ತಿತ್ತೇನೋ...

ಈಗ ಊರಲ್ಲಿ ಆರಾಮ ಇದ್ದಾಳೆ. ಮುಂದಿನ ಸಲ ಕಲಬುರಗಿಗೆ ಹೋದಾಗ ತಣ್ಣಗಾದದ್ದು ತರಬೇಕು, ಬಸ್ಸಿನಲ್ಲೇ.