ಮದುವೆಗೆ ಮುನ್ನ ಕೇಳದ ಪ್ರಶ್ನೆ

ವಿವಾಹಕ್ಕೆ ಮುನ್ನ ನಮ್ಮ ದೇವಾಲಯಗಳಲ್ಲಿ ವಧೂವರರ ಹೆಸರುಗಳನ್ನು ಓದಿ ಹೇಳುವ ಪದ್ಧತಿಯಿದೆ. ರಕ್ತಸಂಬಂಧವಿದ್ದಲ್ಲಿ, ಹಿಂದೆ ವಿವಾಹವಾಗಿದ್ದಲ್ಲಿ, ಬೇರಾವುದೇ ಅಡ್ಡಿಯಿದ್ದಲ್ಲಿ ತಿಳಿದವರು ತಿಳಿಸಬೇಕು. ಹಿರಿಯರೂ ತಮ್ಮ ಮಟ್ಟಿಗೆ ಹುಡುಗನ ಸಂಬಳ, ಹುಡುಗಿಯ ಓದು, ಮನೆತನದ ಸಕ್ಕರೆ ಕಾಯಿಲೆ ಎಲ್ಲವನ್ನೂ ವಿಚಾರಿಸುತ್ತಾರೆ. ಲೈಂಗಿಕ ಸಂಪರ್ಕದಿಂದ ಹರಡುವ ರೋಗಗಳ ಕುರಿತು ಮಾತ್ರ ಯಾರೂ ಕೇಳುವುದಿಲ್ಲ. ಕೇಳಿದರೆ ಶೀಲವನ್ನೇ ಶಂಕಿಸಿದಂತೆ ಎಂಬ ಅಳುಕು.

ವಿವಾಹ ಸಿದ್ಧತಾ ಶಿಬಿರದಲ್ಲಿ ವೈದ್ಯರು ಈ ವಿಷಯವನ್ನು ಎತ್ತಿದೊಡನೆ ಯುವಕ ಯುವತಿಯರ ದೃಷ್ಟಿ ನೆಲಕ್ಕಿಳಿಯುತ್ತದೆ. ಆದ್ದರಿಂದ ನಾನು ಒಂದು ಪೆಟ್ಟಿಗೆಯಿಟ್ಟು, ಹೆಸರಿಲ್ಲದ ಚೀಟಿಗಳಲ್ಲಿ ಪ್ರಶ್ನೆ ಬರೆದು ಹಾಕಲು ಹೇಳುತ್ತೇನೆ. ಆಗ ಪೆಟ್ಟಿಗೆ ತುಂಬುತ್ತದೆ! 'ಒಮ್ಮೆ ರಕ್ತಪರೀಕ್ಷೆಯಲ್ಲಿ ಎಚ್‌ಐವಿ ಇಲ್ಲವೆಂದು ಬಂದರೆ ಸಾಕೇ?' ಎಂದು ಒಂದು ಚೀಟಿ. ಸೋಂಕು ಇತ್ತೀಚಿನದಾಗಿದ್ದರೆ ಪರೀಕ್ಷೆಯಲ್ಲಿ ಕಾಣದಿರಬಹುದು, ಮೂರು ತಿಂಗಳ ಬಳಿಕ ಮತ್ತೆ ಪರೀಕ್ಷಿಸಬೇಕು ಎಂದರು ವೈದ್ಯರು.

ಒಬ್ಬ ಯುವಕ ಮಾತ್ರ ಚೀಟಿ ಹಾಕದೆ ನೇರವಾಗಿ ನನ್ನ ಕಚೇರಿಗೇ ಬಂದ. (ಇದು ಪಾಪನಿವೇದನೆಯಲ್ಲಿ ಕೇಳಿದ ಮಾತಲ್ಲ, ಅವನ ಒಪ್ಪಿಗೆಯಿಂದಲೇ ಬರೆಯುತ್ತಿದ್ದೇನೆ.) ಅವನಿಗೆ ಎಚ್‌ಐವಿ ಇತ್ತು. ಮದುವೆ ನಿಶ್ಚಯವಾಗಿತ್ತು. "ಮಾತ್ರೆ ಒಂದು ದಿನವೂ ತಪ್ಪಿಸಿಲ್ಲ ಫಾದರ್. ಪರೀಕ್ಷೆಯಲ್ಲಿ ವೈರಸ್ ಕಾಣದಷ್ಟು ಇಳಿದಿದೆ, ಹೆಂಡತಿಗೆ ಹರಡುವುದಿಲ್ಲ ಎಂದು ಡಾಕ್ಟರೇ ಹೇಳಿದ್ದಾರೆ. ಹಾಗಿದ್ದರೂ ಅವಳಿಗೆ ಹೇಳಲೇಬೇಕೇ?"

ವೈದ್ಯರ ಮಾತು ಸತ್ಯ. ಔಷಧವನ್ನು ತಪ್ಪದೆ ಸೇವಿಸಿ ವೈರಸ್ ಪ್ರಮಾಣ ಆ ಮಟ್ಟದಲ್ಲೇ ಉಳಿದರೆ ಲೈಂಗಿಕ ಸಂಪರ್ಕದಿಂದ ಸೋಂಕು ದಾಟುವುದಿಲ್ಲ. ಭಾರತ ಸರ್ಕಾರ 2004ರಿಂದ ಈ ಔಷಧವನ್ನು ಉಚಿತವಾಗಿ ನೀಡುತ್ತಿದೆ. ಆದರೆ ಯುವಕನ ಪ್ರಶ್ನೆ ವೈದ್ಯಶಾಸ್ತ್ರದ್ದಷ್ಟೇ ಆಗಿರಲಿಲ್ಲ. ದಾಂಪತ್ಯವನ್ನು ಗಂಭೀರವಾಗಿ ಕದಡಬಲ್ಲ ಸಂಗತಿಯೊಂದನ್ನು ಬೇಕೆಂದೇ ಮರೆಮಾಚಿ, ವಂಚನೆಯಿಂದ ಸಮ್ಮತಿ ಪಡೆದರೆ ಆ ವಿವಾಹವೇ ಅಸಿಂಧು ಎನ್ನುತ್ತದೆ ಧರ್ಮಸಭೆಯ ಕಾನೂನು ಸಂಹಿತೆಯ 1098ನೇ ವಿಧಿ. ಬಲಿಪೀಠದ ಮುಂದೆ ಆಕೆ ಯಾರಿಗೆ 'ಒಪ್ಪಿದ್ದೇನೆ' ಎನ್ನುತ್ತಾಳೆ? ತಾನು ಅರಿತವನಿಗೆ ತಾನೇ?

ಅವನು ಹೇಳಿದ. ಆಕೆ ಹಲವು ದಿನ ಮಾತನಾಡಲಿಲ್ಲ. ಬಳಿಕ ಇಬ್ಬರೂ ಕೂಡಿ ವೈದ್ಯರ ಬಳಿಗೆ ಹೋದರು. ಮಗುವಿಗೆ ಬರುವುದೇ, ಮಾತ್ರೆ ತಪ್ಪಿದರೆ ಏನು ಗತಿ, ಅತ್ತೆಗೆ ತಿಳಿದಿದೆಯೇ ಎಂದು ಆಕೆ ಕೇಳಿದಳಂತೆ. ಮೂರನೆಯದಕ್ಕೆ ವೈದ್ಯರಲ್ಲಿ ಉತ್ತರವಿರಲಿಲ್ಲ. ಅವರ ತೀರ್ಮಾನ ಏನಾಯಿತೆಂಬುದನ್ನು ಇಲ್ಲಿ ಬರೆಯಲಾರೆ, ಅದು ಅವರದು.

ವಿವಾಹಕ್ಕೆ ಮುನ್ನ ಸಂಯಮ, ಅನಂತರ ನಿಷ್ಠೆ ಎಂಬ ನಮ್ಮ ಬೋಧನೆಯಲ್ಲಿ ನನಗೆ ಪೂರ್ಣ ವಿಶ್ವಾಸವಿದೆ. ಆದರೆ ಒಬ್ಬರ ನಿಷ್ಠೆ ಇಬ್ಬರನ್ನು ಕಾಯಲಾರದು. ಗಂಡನನ್ನಲ್ಲದೆ ಅನ್ಯರನ್ನು ಅರಿಯದ ಎಷ್ಟೋ ಸಾಧ್ವಿಯರು ಈ ದೇಶದಲ್ಲಿ ಎಚ್‌ಐವಿ ಪಡೆದದ್ದು ಗಂಡನಿಂದಲೇ. ಇನ್ನು ಕಾಂಡೋಮ್ ಕುರಿತು: ಇದು ನೈತಿಕ ಪರಿಹಾರವಲ್ಲವೆಂದೇ ಜಗದ್ಗುರು ಹದಿನಾರನೇ ಬೆನೆಡಿಕ್ಟರು 2010ರ ಸಂದರ್ಶನ ಗ್ರಂಥದಲ್ಲಿ ಹೇಳಿದರು, ಆದರೂ ಸೋಂಕು ತಗ್ಗಿಸುವ ಉದ್ದೇಶದಿಂದ ಕೆಲವರು ಅದನ್ನು ಬಳಸುವುದು ಹೊಣೆಗಾರಿಕೆಯತ್ತ ಮೊದಲ ಹೆಜ್ಜೆಯಾಗಬಹುದು ಎಂದರು. ಇದನ್ನು ಹಿಗ್ಗಿಸಿ ಓದುವವರೂ ಇದ್ದಾರೆ, ಅಡಗಿಸುವವರೂ ಇದ್ದಾರೆ. ತಿಳಿದೂ ತಿಳಿದೂ ಸಂಗಾತಿಯ ಪ್ರಾಣವನ್ನು ಅಪಾಯಕ್ಕೊಡ್ಡುವುದು ದೇವರ ಐದನೆಯ ಕಟ್ಟಳೆಯ ಉಲ್ಲಂಘನೆ ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಎಚ್‌ಐವಿ ಒಂದೇ ಅಲ್ಲ. ಗೊನೋರಿಯಾ ಸ್ತ್ರೀಯರಲ್ಲಿ ಅನೇಕ ವೇಳೆ ಯಾವ ಲಕ್ಷಣವನ್ನೂ ತೋರದೆ ಉಳಿದು ಬಂಜೆತನಕ್ಕೆ ಕಾರಣವಾಗಬಲ್ಲದು. ಸಿಫಿಲಿಸ್ ಗರ್ಭದ ಶಿಶುವನ್ನೂ ಬಾಧಿಸುತ್ತದೆ, ಆದರೆ ಪೆನಿಸಿಲಿನ್ ಚುಚ್ಚುಮದ್ದಿಗೆ ಮಣಿಯುತ್ತದೆ. ಇವುಗಳಿಗೆ ಗಂಡ ಹೆಂಡಿರಿಬ್ಬರೂ ಚಿಕಿತ್ಸೆ ಪಡೆಯಬೇಕು. ಇಲ್ಲವಾದರೆ ವಾಸಿಯಾದವರಿಗೆ ಮತ್ತೆ ಅಂಟುತ್ತದೆ. ಹೆಪಟೈಟಿಸ್-ಬಿಗೆ ಲಸಿಕೆಯೇ ಇದೆ. ಜಿಲ್ಲಾ ಆಸ್ಪತ್ರೆಗಳ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಪರೀಕ್ಷೆ, ಚಿಕಿತ್ಸೆ ಉಚಿತ. 1097ಕ್ಕೆ ಕರೆ ಮಾಡಿದರೆ ಎಚ್‌ಐವಿ ಕುರಿತ ಮಾಹಿತಿ ದೊರೆಯುತ್ತದೆ.

ಎಚ್‌ಐವಿ ಪರೀಕ್ಷೆಯ ಪ್ರಮಾಣಪತ್ರವಿಲ್ಲದೆ ಮದುವೆ ಮಾಡಿಸಬೇಡಿ ಎಂದು ಕೆಲವು ಪೋಷಕರು ನನ್ನನ್ನು ಒತ್ತಾಯಿಸಿದ್ದುಂಟು. ನಾನು ಒಪ್ಪಿಲ್ಲ. ಸಮ್ಮತಿಯಿಲ್ಲದೆ ಈ ಪರೀಕ್ಷೆ ನಡೆಸುವುದನ್ನು 2017ರ ಕಾಯಿದೆ ನಿಷೇಧಿಸುತ್ತದೆ. ಮೇಲಾಗಿ ಒಂದು ಕಾಗದವನ್ನು ಧರ್ಮಗುರುವಿಗೆ ಒಪ್ಪಿಸಿದವರು ಪರಸ್ಪರ ಮಾತನಾಡಿದ್ದಾರೆಂಬ ಭರವಸೆಯೇನಿಲ್ಲ. ಇಬ್ಬರೂ ತಾವಾಗಿಯೇ ಹೋಗಿ ಪರೀಕ್ಷಿಸಿಕೊಂಡು, ಫಲಿತಾಂಶವನ್ನು ಒಬ್ಬರಿಗೊಬ್ಬರು ತೋರಿಸಲಿ. ನನಗೆ ತೋರಿಸಬೇಕಾಗಿಲ್ಲ.