ಪಾಲಕರ ಸಹಿ

ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ಹೈಸ್ಕೂಲು ಮುಗಿಸಬೇಕಾದರೆ ಸಾಮಾನ್ಯವಾಗಿ ಇಂಗ್ಲಿಷ್ ಅಲ್ಲದ ಇನ್ನೊಂದು ಭಾಷೆಯನ್ನು ಎರಡು ವರ್ಷ ಕಲಿಯಬೇಕು. ಗಡಿಯಾಚೆ ಮೆಕ್ಸಿಕೋ; ಹಾಗಾಗಿ ಅಲ್ಲಿನ ಮಕ್ಕಳು ಹೆಚ್ಚಾಗಿ ಸ್ಪ್ಯಾನಿಷ್ ಹಿಡಿಯುತ್ತಾರೆ. ನನ್ನ ತಂಗಿಯ ಮೊಮ್ಮಗಳೂ ಹಿಡಿದಳು. ವರ್ಷದ ಮೊದಲಿಗೆ ಟೀಚರು ಮನೆಗೆ ಕಳಿಸಿದ ಕಾಗದವನ್ನು ಅವಳ ತಾಯಿ ವಾಟ್ಸಾಪಿನಲ್ಲಿ ಮಹಾರಾಷ್ಟ್ರದ ಗಡಿಗೆ ಹತ್ತಿದ ನಮ್ಮೂರು ಉಗಾರ ಖುರ್ದಕ್ಕೆ ದಾಟಿಸಿ, "ಮಾಮಾ, ನೀವು ಮಾಸ್ತರಕಿ ಮಾಡಿದವರು. ಒಮ್ಮೆ ಓದಿ ನೋಡ್ರಿ, ಇದಕ್ಕ ನಾ ಸಹಿ ಹಾಕಬೇಕಂತ" ಎಂದಳು.

ನಾನು ಕಲಿಸಿದ್ದು ಗಣಿತ. ಆದರೂ ಕನ್ನಡಕ ಏರಿಸಿ ಓದಿದೆ. ಗುರಿಗಳು, ನಿರೀಕ್ಷೆಗಳು ಎಂದು ಎರಡು ಪುಟ. ವರ್ಷದ ಕೊನೆಗೆ ವಿದ್ಯಾರ್ಥಿ ತನ್ನ ಪರಿಚಯ ಹೇಳಿಕೊಳ್ಳಬಲ್ಲಳು, ಮನೆಮಂದಿಯ ಬಗ್ಗೆ ಮಾತಾಡಬಲ್ಲಳು, ಹೋಟೆಲಿನಲ್ಲಿ ಊಟ ಕೇಳಬಲ್ಲಳು. ಪ್ರತಿ ಸಾಲೂ 'ಬಲ್ಲಳು' ಎಂದೇ ಮುಗಿಯುತ್ತಿತ್ತು. ತರಗತಿಯ ಮಾತು ನೂರಕ್ಕೆ ತೊಂಬತ್ತು ಪಾಲು ಸ್ಪ್ಯಾನಿಷಿನಲ್ಲೇ ನಡೆಯಬೇಕಂತೆ. ಅಮೆರಿಕದ ವಿದೇಶಿ ಭಾಷಾ ಶಿಕ್ಷಕರ ಮಂಡಳಿ 2010ರಲ್ಲಿ ಹಾಗೆ ಶಿಫಾರಸು ಮಾಡಿದೆ. ಎಲ್ಲಕ್ಕಿಂತ ನನ್ನನ್ನು ದಂಗುಬಡಿಸಿದ್ದು ಇನ್ನೊಂದು ಸಾಲು: ತಪ್ಪು ಮಾಡಲು ಹೆದರಬಾರದು, ತಪ್ಪು ಕಲಿಕೆಯ ಭಾಗ. ನಮ್ಮ ಕಾಲದಲ್ಲಿ ತಪ್ಪು ಬೆನ್ನಿನ ಭಾಗವಾಗಿತ್ತು.

ನಮ್ಮ ಹೈಸ್ಕೂಲಿನಲ್ಲಿ ಸ್ಪ್ಯಾನಿಷಿನ ಜಾಗದಲ್ಲಿ ಇದ್ದದ್ದು ಹಿಂದಿ. ತ್ರಿಭಾಷಾ ಸೂತ್ರದ ಮೂರನೆಯ ಭಾಷೆ; 1968ರ ರಾಷ್ಟ್ರೀಯ ಶಿಕ್ಷಣ ನೀತಿಯ ಕೊಡುಗೆ. ಆ ತರಗತಿಗೆ ಗುರಿಪಟ್ಟಿ ಯಾರೂ ಬರೆಯಲಿಲ್ಲ. ಇದ್ದ ಗುರಿ ಒಂದೇ, ಅದಕ್ಕೆ ಹೆಸರು 'ಮೂವತ್ತೈದು'. ಅಷ್ಟು ಅಂಕ ಬಿದ್ದರೆ ಭಾಷೆ ಬಂದಂತೆ. ಹಿಂದಿ ಮಾಸ್ತರು ಹಿಂದಿಯನ್ನು ಕನ್ನಡದಲ್ಲಿ ಕಲಿಸುತ್ತಿದ್ದರು, ಮರಾಠಿಯಲ್ಲಿ ಬೈಯುತ್ತಿದ್ದರು. ದೇವನಾಗರಿ ನಮಗೆ ಹೊಸದೇನಲ್ಲ, ಭಡಂಗ ಚುರುಮುರಿ ಕಟ್ಟಿಕೊಡುತ್ತಿದ್ದ ಮರಾಠಿ ಪೇಪರು ಓದಿಯೇ ಬಂದಿತ್ತು. ಆ ಸಲಿಗೆಯೇ ನಮಗೆ ಮುಳುವಾಯಿತು. ಅಕ್ಷರ ಒಂದೇ ಅಂದಮೇಲೆ ಭಾಷೆಯೂ ಒಂದೇ ಎಂದುಕೊಂಡು ಅರ್ಧ ಉತ್ತರ ಮರಾಠಿಯಲ್ಲೇ ಬರೆಯುತ್ತಿದ್ದೆವು. ಉತ್ತರ ಹೊಳೆಯದಿದ್ದರೆ ಪ್ರಶ್ನೆಯನ್ನೇ ತಿರುಗಿಸಿ, ಕೊನೆಗೊಂದು ಗೀಟು ಎಳೆದು ನಿಲ್ಲಿಸುತ್ತಿದ್ದೆವು. ಪ್ರಬಂಧಕ್ಕೆ ಎಲ್ಲರ ಬಳಿಯೂ ಒಂದೊಂದು ಆಕಳು ಸಿದ್ಧವಿತ್ತು. ವಿಷಯ ದೀಪಾವಳಿ ಬಂದರೆ ದೀಪಾವಳಿಯ ದಿನ ಆಕಳನ್ನು ಪೂಜಿಸುತ್ತಾರೆ ಎಂದು ಶುರುಮಾಡಿ, ಅಲ್ಲಿಂದ ಅದಕ್ಕೆ ನಾಲ್ಕು ಕಾಲು ಎಂಬಲ್ಲಿಗೆ ಬರುತ್ತಿದ್ದೆವು.

ಪ್ರಗತಿಪತ್ರಕ್ಕೆ ಪಾಲಕರ ಸಹಿ ಆಗಲೂ ಬೇಕಿತ್ತು. ನಮ್ಮಪ್ಪ ಸಕ್ಕರೆ ಕಾರಖಾನಿಯಲ್ಲಿ ಪಾಕ ಕುದಿಸುವ ಪ್ಯಾನ್‌ಮನ್. 1939ರಲ್ಲಿ ಉಗಾರ ಶುಗರ್ ವರ್ಕ್ಸ್ ಶುರುವಾದ ಮೇಲೆ ಊರಿನ ಗಡಿಯಾರವೇ ಕಾರಖಾನಿಯದಾಗಿತ್ತು. ಭೋಂಗಾ ಕೂಗಿದಾಗ ಕೆಲವರ ಮನೆಯಲ್ಲಿ ಬೆಳಗು, ಕೆಲವರ ಮನೆಯಲ್ಲಿ ರಾತ್ರಿ. ಅಪ್ಪ ರಾತ್ರಿಪಾಳಿ ಮುಗಿಸಿ, ಮೈತುಂಬ ಕಾಕಂಬಿ ವಾಸನೆ ಹೊತ್ತು ಬಂದು, ನಿದ್ದೆಗಣ್ಣಲ್ಲಿ ಕೇಳುತ್ತಿದ್ದುದು ಒಂದೇ ಮಾತು: "ಕೆಂಪು ಗೀಟು ಐತೇನು?" ಇಲ್ಲ ಎಂದರೆ ಸಹಿ. ಹಿಂದಿ ಯಾಕೆ ಕಲಿಯುತ್ತೀ ಎಂದು ಅವರು ಕೇಳಲಿಲ್ಲ, ಕೇಳಿದ್ದರೆ ಹೇಳಲು ನನಗೂ ಗೊತ್ತಿರಲಿಲ್ಲ.

ಮರಾಠಿಗೆ ಮಾತ್ರ ತರಗತಿಯೂ ಇರಲಿಲ್ಲ, ಮಾಸ್ತರೂ ಇರಲಿಲ್ಲ. ನಮ್ಮೂರಿನಿಂದ ರೈಲು ಹತ್ತಿದರೆ ಶೇಡಬಾಳ, ವಿಜಯನಗರ ದಾಟಿ ಮಿರಜ. ದೊಡ್ಡ ಕಾಯಿಲೆ ಬಂದರೆ ಮಿರಜದ ದವಾಖಾನೆ, ಮದುವೆ ಜವಳಿಗೆ ಸಾಂಗಲಿ. ಕಬ್ಬು ಕಡಿಯುವ ಸೀಜನ್ನಿಗೆ ಮಹಾರಾಷ್ಟ್ರದ ಬೀಡದ ಕಡೆಯಿಂದ ಟೋಳಿಗಳು ಬಂದು ಹೊಲದ ದಂಡೆಯಲ್ಲಿ ಗುಡಿಸಲು ಹಾಕುತ್ತಿದ್ದವು. ಸಂತೆಯಲ್ಲಿ ಕಾಯಿಪಲ್ಲೆಯವಳು ಮರಾಠಿಯಲ್ಲಿ ದರ ಹೇಳುತ್ತಿದ್ದಳು, ನಮ್ಮ ಅವ್ವ ಕನ್ನಡದಲ್ಲಿ ಚೌಕಾಶಿ ಮಾಡುತ್ತಿದ್ದಳು. ಇಬ್ಬರೂ ತಮ್ಮ ತಮ್ಮ ಭಾಷೆ ಬಿಡುತ್ತಿರಲಿಲ್ಲ, ಬದನೆಕಾಯಿ ಮಾತ್ರ ನ್ಯಾಯವಾದ ದರಕ್ಕೆ ಚೀಲ ಸೇರುತ್ತಿತ್ತು. ಜಗಳವೂ ಹೀಗೆಯೇ ಎರಡು ಭಾಷೆಯಲ್ಲಿ ನಡೆದು ಮುಗಿಯುತ್ತಿತ್ತು. ಗಡಿ ವಿವಾದ ಎಂದು ಪೇಪರಿನವರು ಬರೆಯುವುದನ್ನು ನಾವು ಆ ಎರಡೂ ಭಾಷೆಗಳಲ್ಲಿ ಓದುತ್ತಿದ್ದೆವು.

ನಮ್ಮ ಹಿಂದಿ ಮಾಸ್ತರಿಗೆ ಒಂದು ಆಸೆ ಇತ್ತೆಂದು ಗೊತ್ತಾದದ್ದು ಅವರು ನಿವೃತ್ತರಾದ ಮೇಲೆ. ತಮ್ಮ ಹುಡುಗರಲ್ಲಿ ಒಬ್ಬನಾದರೂ ತಮ್ಮೊಡನೆ ಐದು ನಿಮಿಷ ಹಿಂದಿಯಲ್ಲಿ ಮಾತಾಡಬೇಕು, ಇಷ್ಟೇ. ಅದನ್ನು ನೆರವೇರಿಸಿದವನು ಹಿಂದಿಯಲ್ಲಿ ಎರಡು ಸಲ ಡುಮ್ಕಿ ಹೊಡೆದ ಗೆಳೆಯ. ಶಾಲೆ ಬಿಟ್ಟು, ಬೆಳಗಾವಿಯ ಮರಾಠಾ ಲಘು ಪದಾತಿ ದಳದ ಕೇಂದ್ರದಲ್ಲಿ ಭರ್ತಿಯಾಗಿ, ಎಲ್ಲೆಲ್ಲೋ ಗಡಿ ಕಾದು ರಜೆಗೆ ಬಂದಿದ್ದ. ಸ್ಟೇಷನ್ ಹತ್ತಿರದ ಚಹಾದಂಗಡಿಯಲ್ಲಿ ಮಾಸ್ತರನ್ನು ಕಂಡವನೇ ಎದ್ದು ನಿಂತು ಸರಸರ ಹಿಂದಿಯಲ್ಲಿ ಶುರುಮಾಡಿದ. ಮಾಸ್ತರು ಬಿಟ್ಟ ಬಾಯಿ ಮುಚ್ಚಲಿಲ್ಲ. "ಎಲ್ಲಾ ನಿಮ್ಮ ಆಶೀರ್ವಾದರೀ ಸರ್" ಎಂದು ಕೊನೆಗೆ ಅವನು ಕನ್ನಡಕ್ಕೆ ಇಳಿದ. ಅದು ಶುದ್ಧ ಸುಳ್ಳು. ಮಾಸ್ತರಿಗೂ ಗೊತ್ತಿತ್ತು. ಆದರೂ ಚಹಾದ ದುಡ್ಡು ಅವರೇ ಕೊಟ್ಟರು, ಗ್ಲಾಸು ಇಡುವಾಗ ಕೈ ನಡುಗುತ್ತಿತ್ತು.

ಟೆಕ್ಸಾಸಿನ ಹುಡುಗಿ ಸ್ಪ್ಯಾನಿಷಿನಲ್ಲಿ 'ಎ' ಗ್ರೇಡು ತಂದಳು. ಆ ಬೇಸಗೆಯಲ್ಲಿ ಆಲಿಕಲ್ಲು ಬಿದ್ದು ಅವರ ಮನೆಯ ಮಾಡು ಕೆಟ್ಟಿತು. ರಿಪೇರಿಗೆ ಬಂದವರು ಮೆಕ್ಸಿಕೋ ಕಡೆಯವರು, ತಮ್ಮತಮ್ಮಲ್ಲಿ ಸ್ಪ್ಯಾನಿಷ್ ಮಾತಾಡುತ್ತಿದ್ದರು. ತಾಯಿ ಮಗಳಿಗೆ, "ಹೋಗು, ನೀರು ಬೇಕೇನು ಕೇಳು" ಎಂದರೆ ಹುಡುಗಿ ಬಾಗಿಲ ಹಿಂದೆ ನಿಂತಳಂತೆ. ಅವಳಿಗೆ ಮ್ಯಾಡ್ರಿಡ್ ಪ್ರವಾಸದ ಬಗ್ಗೆ ಹೇಳಲು ಬರುತ್ತಿತ್ತು. ಮಾಡಿನ ಮೇಲೆ ಬೆವರುತ್ತಿರುವ ಮನುಷ್ಯನಿಗೆ ಏನು ಹೇಳಬೇಕೆಂದು ಪಟ್ಟಿಯಲ್ಲಿರಲಿಲ್ಲ.

ಆಗ ನನ್ನ ತಂಗಿ ಅಲ್ಲಿಯೇ ಇದ್ದಳು. ಆರು ತಿಂಗಳ ವೀಸಾದ ಮೇಲೆ ಹೋಗಿದ್ದ ಉಗಾರದ ಹೆಂಗಸು. ಕೊಡದಂಥ ಜಗ್ಗಿನಲ್ಲಿ ಮಜ್ಜಿಗೆ ಕಡೆದು, ಕೊತ್ತಂಬರಿ ಉದುರಿಸಿ, ಅಂಗಳಕ್ಕೆ ಹೋಗಿ ಕನ್ನಡದಲ್ಲಿ ಕೂಗಿ ಕರೆದಳು. ಕನ್ನಡ ನಡೆಯದಿದ್ದಲ್ಲಿ ಮರಾಠಿ ಹಾಕಿದಳು. ಅವರೂ ತಮ್ಮ ಭಾಷೆಯಲ್ಲೇ ಉತ್ತರ ಕೊಟ್ಟರು. ಸಂಜೆ ನನಗೆ ಫೋನು: "ಅಣ್ಣಾ, ಆ ದೊಡ್ಡಾವಗ ಮೂರು ಮಕ್ಕಳಂತ. ಸಣ್ಣದಕ್ಕ ಆರಾಮಿಲ್ಲಂತ. ಅವರಪ್ಪಂದೂ ಕಬ್ಬಿನ ಹೊಲ ಇತ್ತಂತ."

"ನಿನಗ ಹೆಂಗ ತಿಳೀತು?"

"ಹೇಳಿದಾ, ತಿಳೀತು."

ಕಬ್ಬಿನ ಮಾತು ನಿಜವಿರಬಹುದು. ಮೆಕ್ಸಿಕೋ, ಕ್ಯೂಬಾ, ಕೊಲಂಬಿಯಾ, ಗ್ವಾಟೆಮಾಲಾ ಎಲ್ಲ ಕಬ್ಬಿನ ಸೀಮೆಗಳು, ಎಲ್ಲೆಡೆ ಸ್ಪ್ಯಾನಿಷ್. ಅಲ್ಲಿನ ರೈತನೊಬ್ಬ ನಮ್ಮೂರಿಗೆ ಬಂದರೆ ಎಕರೆಗೆ ಎಷ್ಟು ಟನ್ ಎಂದು ಕೇಳದೆ ನಮ್ಮವರು ಬಿಡಲಾರರು.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೈಸ್ಕೂಲಿನಲ್ಲಿ ಕಲಿಯಬಹುದಾದ ವಿದೇಶಿ ಭಾಷೆಗಳನ್ನು ಹೆಸರಿಸುವಾಗ ಕೊರಿಯನ್, ಜಪಾನಿ, ಫ್ರೆಂಚ್, ಜರ್ಮನ್‌ಗಳ ಜತೆಗೆ ಸ್ಪ್ಯಾನಿಷನ್ನೂ ಸೇರಿಸಿದೆ. ಕಾಗದದ ಮೇಲಿನ ಮಾತು, ಇರಲಿ. ಎಂದಾದರೂ ಒಂದು ದಿನ ಆ ಭಾಷೆ ನಮ್ಮ ಕಾಗವಾಡ ತಾಲೂಕಿನ ತನಕ ಬಂದರೆ, ಗುರಿಪಟ್ಟಿ ಬರೆಯಲು ಕೂರುವ ಮಹನೀಯರಲ್ಲಿ ನನ್ನದೊಂದು ವಿನಂತಿ. ಮೊದಲ ವರ್ಷ ಪರೀಕ್ಷೆ ಇಡಬೇಡಿ. ಆಕಳ ಪ್ರಬಂಧ ಬೇಡವೇ ಬೇಡ. ಎದುರಿಗೆ ಬಂದವನಿಗೆ ಮಕ್ಕಳೆಷ್ಟು ಎಂದು ಕೇಳಿ ತಿಳಿದುಕೊಂಡು ಬಂದವರನ್ನು ಪಾಸು ಮಾಡಿ. ಬೇಕಾದರೆ ಪರೀಕ್ಷಕಳಾಗಿ ಕೂರಲು ನನ್ನ ತಂಗಿ ತಯಾರಿದ್ದಾಳೆ. ಹೋಗಿಬರುವ ಬಸ್ ಚಾರ್ಜು ಕೊಟ್ಟರೆ ಸಾಕು.