ತಾತನ ಕಣ್ಣಿಗೆ ಹೊಸ ಮಸೂರ

‘ಪೊರೆ’ ಎಂದರೆ ಮಕ್ಕಳಿಗೆ ಮೊದಲು ನೆನಪಾಗುವುದು ಹಾವು. ಏಳನೇ ತರಗತಿಯಲ್ಲಿ ಓದುವ ನನ್ನ ಮೊಮ್ಮಗಳೂ ಅದನ್ನೇ ಕೇಳಿದಳು: “ತಾತ, ಹಾವು ಪೊರೆ ಬಿಡುತ್ತಲ್ಲ, ಹಾಗೆ ನಿಮ್ಮ ಕಣ್ಣಿನ ಪೊರೆಯೂ ತಾನಾಗೇ ಕಳಚಿ ಬೀಳಲ್ವಾ?”

ಪ್ರಶ್ನೆ ಚೆನ್ನಾಗಿಯೇ ಇದೆ. ದೊಡ್ಡವರಲ್ಲೂ ಅನೇಕರು ಕಣ್ಣಿನ ಮೇಲೆ ತೆಳ್ಳನೆಯ ಚರ್ಮದಂಥದ್ದೇನೋ ಬೆಳೆಯುತ್ತದೆ, ಡಾಕ್ಟರು ಅದನ್ನು ಈರುಳ್ಳಿ ಸಿಪ್ಪೆಯಂತೆ ಸುಲಿದು ತೆಗೆಯುತ್ತಾರೆ ಎಂದೇ ತಿಳಿದಿದ್ದಾರೆ. ಸಂಗತಿ ಹಾಗಲ್ಲ. ಕಣ್ಣಿನ ಕಪ್ಪು ಪಾಪೆಯ ಹಿಂದೆ, ಹೊರಗೆ ಕಾಣದ ಹಾಗೆ, ಅವರೆಕಾಳಿನಷ್ಟು ದೊಡ್ಡ ಮಸೂರವೊಂದಿದೆ. ನೀರು ಮತ್ತು ಪ್ರೋಟೀನಿನಿಂದ ಆದದ್ದು. ಚಿಕ್ಕವರಲ್ಲಿ ಅದು ಗಾಜಿನಂತೆ ತಿಳಿಯಾಗಿರುತ್ತದೆ. ವಯಸ್ಸಾದಂತೆ ಆ ಪ್ರೋಟೀನು ಗಂಟುಕಟ್ಟಿಕೊಂಡು ಮಸೂರವೇ ಮಬ್ಬಾಗುತ್ತದೆ. ಮೊಟ್ಟೆಯೊಳಗಿನ ತಿಳಿಯಾದ ಲೋಳೆ ಬೆಂದ ಮೇಲೆ ಬೆಳ್ಳಗಾಗುತ್ತದಲ್ಲ, ಹೆಚ್ಚುಕಡಿಮೆ ಹಾಗೆ. ಬೆಂದ ಮೊಟ್ಟೆ ಮತ್ತೆ ಹಸಿಯಾಗುವುದಿಲ್ಲ; ಮಬ್ಬಾದ ಮಸೂರವೂ ಮತ್ತೆ ತಿಳಿಯಾಗುವುದಿಲ್ಲ. ಕಣ್ಣಿನ ಹನಿಯಿಂದಾಗಲಿ, ಜೇನುತುಪ್ಪದಿಂದಾಗಲಿ, ಸೊಪ್ಪಿನ ರಸದಿಂದಾಗಲಿ ಅದು ಕರಗುವುದಿಲ್ಲ. ಅದನ್ನು ತೆಗೆದು ಹೊಸ ಮಸೂರ ಇಡುವುದೊಂದೇ ದಾರಿ.

ನಾನು ಬಿ.ಕಾಂ. ಮುಗಿಸಿ ಬ್ಯಾಂಕು ಸೇರಿದವನು. ಗುಮಾಸ್ತನಾಗಿ ಸೇರಿ, ಗುಮಾಸ್ತನಾಗಿಯೇ ನಿವೃತ್ತನಾದೆ. ಕಂಪ್ಯೂಟರು ಬರುವ ಮೊದಲಿನ ಕಾಲದಲ್ಲಿ ನಮ್ಮ ಬಂಡವಾಳವೆಲ್ಲ ಕಣ್ಣೇ. ಚೆಕ್ಕಿನ ಮೇಲಿನ ಸಹಿಯನ್ನು ಮಾದರಿ ಸಹಿಯ ಕಾರ್ಡಿನ ಪಕ್ಕ ಹಿಡಿದು, ಕೊನೆಯ ಅಕ್ಷರದ ಬಾಲ ಸ್ವಲ್ಪ ಬಾಗಿದ್ದರೂ “ಸ್ವಾಮಿ, ಇನ್ನೊಂದು ಸಲ ಸಹಿ ಮಾಡಿ” ಎನ್ನುತ್ತಿದ್ದೆ. ಅಂಥ ಕಣ್ಣಿಗೆ ಎಪ್ಪತ್ಮೂರನೇ ವಯಸ್ಸಿನಲ್ಲಿ ಸಿಟಿ ಬಸ್ಸಿನ ನಂಬರು ಕಾಣದಾಯಿತು. ರಾತ್ರಿ ಎದುರಿನಿಂದ ಬರುವ ಸ್ಕೂಟರಿನ ದೀಪದ ಸುತ್ತ ಬೆಳಕಿನ ಬಳೆ. ನಮ್ಮ ಮನೆಯ ಮಹಡಿಯಿಂದ ಚಾಮುಂಡಿ ಬೆಟ್ಟದ ದೀಪಗಳು ಕಾಣುತ್ತವೆ. ಅವು ಒಂದೊಂದಾಗಿ ಕಾಣದೆ, ನೀರಲ್ಲಿ ಅದ್ದಿದ ಹತ್ತಿಯಂತೆ ಒಟ್ಟಾಗಿ ಹರಡಿಕೊಂಡವು. ಕನ್ನಡಕದ ನಂಬರು ಒಂದೇ ವರ್ಷದಲ್ಲಿ ಎರಡು ಸಲ ಬದಲಾಯಿತು.

ಪೊರೆಯಲ್ಲಿ ಒಂದು ತಮಾಷೆಯೂ ಇದೆ. ಕೆಲವರಿಗೆ ಆರಂಭದಲ್ಲಿ, ಕನ್ನಡಕವಿಲ್ಲದೆ ಪತ್ರಿಕೆ ಓದಲು ಬರುವುದಿಲ್ಲ ಎನ್ನುತ್ತಿದ್ದವರಿಗೆ, ಇದ್ದಕ್ಕಿದ್ದಂತೆ ಓದಲು ಬಂದುಬಿಡುತ್ತದೆ. ಪಾರ್ಕಿನ ನನ್ನ ಗೆಳೆಯರೊಬ್ಬರು “ನನಗೆ ಯೌವನ ವಾಪಸ್ ಬಂತು ಕಣ್ರೀ” ಎಂದು ಎಲ್ಲರಿಗೂ ಕಾಫಿ ಕೊಡಿಸಿದ್ದರು. ಅದು ಯೌವನವಲ್ಲ. ಮಸೂರದ ನಡುಭಾಗ ಗಟ್ಟಿಯಾಗುತ್ತ ಅದರ ಶಕ್ತಿ ಬದಲಾದ ಗುರುತು. ಹತ್ತಿರದ್ದು ಸ್ವಲ್ಪ ದಿನ ಚೆನ್ನಾಗಿ ಕಾಣುತ್ತದೆ, ದೂರದ್ದು ಮಸುಕಾಗುತ್ತದೆ. ಆಮೇಲೆ ಎರಡೂ ಮಸುಕು.

ಬಸ್ಸಿನ ನಂಬರನ್ನು ಪಕ್ಕದವರನ್ನು ಕೇಳಬಹುದು. ಆದರೆ ನಮ್ಮ ಮನೆಯಲ್ಲಿ ಕೇಳಿ ಮಾಡಲಾಗದ ಕೆಲಸವೊಂದಿತ್ತು. ನನ್ನ ಹೆಂಡತಿಗೆ ಹದಿನೆಂಟು ವರ್ಷದಿಂದ ಸಕ್ಕರೆ ಕಾಯಿಲೆ. ಬೆಳಿಗ್ಗೆ, ರಾತ್ರಿ ಇನ್ಸುಲಿನ್ ಚುಚ್ಚುವುದು ನನ್ನ ಕೆಲಸ. ಸಿರಿಂಜಿನ ಮೇಲೆ ಕೂದಲೆಳೆಯಂಥ ಗೆರೆಗಳಿರುತ್ತವೆ. ಒಂದು ಬೆಳಿಗ್ಗೆ ಹನ್ನೆರಡನೇ ಗೆರೆ ಯಾವುದು, ಹದಿನಾಲ್ಕನೇದು ಯಾವುದು ಎಂದು ಕಿಟಕಿಯ ಬೆಳಕಿಗೆ ಹಿಡಿದರೂ ತಿಳಿಯಲಿಲ್ಲ. ಸಿರಿಂಜನ್ನು ಕೆಳಗಿಟ್ಟು ಮೊಮ್ಮಗಳನ್ನು ಕರೆದೆ. ಅವಳು ಗೆರೆ ಎಣಿಸಿ ಹೇಳಿದಳು. ಚುಚ್ಚಿಸಿಕೊಂಡ ನನ್ನಾಕೆ ಸೆರಗು ಸರಿಮಾಡಿಕೊಂಡು ಒಂದೇ ಮಾತು ಹೇಳಿದಳು: “ಅಲ್ಲಾ ರೀ, ಇವಳಿಗೆ ನಾಳೆ ಬೆಳಿಗ್ಗೆ ಏಳಕ್ಕೆ ಸ್ಕೂಲ್ ಬಸ್ಸು. ಆಮೇಲೆ ಯಾರನ್ನ ಕರೀತೀರಿ?”

ಆ ವಾರವೇ ಕಣ್ಣಿನ ಡಾಕ್ಟರ ಬಳಿ ಹೋದೆ. “ಎರಡೂ ಕಣ್ಣಲ್ಲಿ ಪೊರೆ ಇದೆ, ಬಲಗಣ್ಣಿನಲ್ಲಿ ಹೆಚ್ಚು” ಎಂದರು. “ಇನ್ನೂ ಹಣ್ಣಾಗಬೇಕಲ್ವೇ ಡಾಕ್ಟ್ರೇ?” ಎಂದೆ. ನಮ್ಮ ಕಾಲದ ಮಾತು ಅದು. ಪೊರೆ ಹಣ್ಣಾಗುವವರೆಗೆ ಮುಟ್ಟಬಾರದು ಎಂದು ಹಿರಿಯರು ಹೇಳುತ್ತಿದ್ದರು. ಹಿಂದಿನ ವಿಧಾನಕ್ಕೆ ಅದು ಸರಿಯಿತ್ತು. ಈಗಿನ ವಿಧಾನಕ್ಕೆ ಹಾಗೆ ಕಾಯಬೇಕಿಲ್ಲ. ತೀರ ಗಟ್ಟಿಯಾದ ಪೊರೆಯನ್ನು ತೆಗೆಯುವುದೇ ಕಷ್ಟ. “ನಿಮ್ಮ ದಿನದ ಕೆಲಸಕ್ಕೆ ತೊಂದರೆ ಆಗ್ತಿದೆಯಾ? ಆಗ್ತಿದ್ದರೆ ಅದೇ ಸರಿಯಾದ ಸಮಯ” ಎಂದರು ಡಾಕ್ಟರು. ನನಗೆ ಸಿರಿಂಜಿನ ಗೆರೆ ಕಣ್ಣಮುಂದೆ ಬಂತು.

ಹೆದರಿಕೆ ಇರಲಿಲ್ಲವೇ? ಇತ್ತು. 1970ರ ದಶಕದಲ್ಲಿ ನನ್ನ ತಾಯಿಗೆ ಆಪರೇಷನ್ ಆದದ್ದನ್ನು ಕಂಡವನು ನಾನು. ನಮ್ಮೂರ ಶಾಲೆಯಲ್ಲಿ ಕ್ಯಾಂಪು ಹಾಕಿದ್ದರು. ಬೆಂಚುಗಳನ್ನು ಹೊರಗಿಟ್ಟು, ನೆಲದ ಮೇಲೆ ಸಾಲಾಗಿ ಚಾಪೆ. ಅಮ್ಮ ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು, ತಲೆ ಅಲುಗದ ಹಾಗೆ ಎರಡೂ ಪಕ್ಕ ಮರಳಿನ ಚೀಲ ಇಟ್ಟುಕೊಂಡು ದಿನಗಟ್ಟಲೆ ಮಲಗಿದ್ದಳು. ಆಗ ಮಬ್ಬಾದ ಮಸೂರವನ್ನು ತೆಗೆಯುತ್ತಿದ್ದರು. ಅದರ ಜಾಗಕ್ಕೆ ಏನನ್ನೂ ಇಡುತ್ತಿರಲಿಲ್ಲ. ಬದಲಿಗೆ ಸೋಡಾ ಬಾಟಲಿ ತಳದಂಥ ಕನ್ನಡಕ. ಅದರಲ್ಲಿ ಎಲ್ಲವೂ ದೊಡ್ಡದಾಗಿ, ಹತ್ತಿರವಾಗಿ ಕಾಣುತ್ತಿತ್ತು. ಅಮ್ಮ ಹೊಸ್ತಿಲು ದಾಟುವಾಗ ಕಾಲನ್ನು ಮೊಣಕಾಲೆತ್ತರಕ್ಕೆ ಎತ್ತುತ್ತಿದ್ದಳು, ನಾವು ಮಕ್ಕಳು ನಗುತ್ತಿದ್ದೆವು, ಅವಳೂ ನಗುತ್ತಿದ್ದಳು. ಆದರೂ ಆ ಕ್ಯಾಂಪುಗಳು ಮಾಡಿದ ಉಪಕಾರ ಸಣ್ಣದಲ್ಲ. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರು ಹಳ್ಳಿಹಳ್ಳಿಗೆ ಹೋಗಿ ಲಕ್ಷಾಂತರ ಬಡವರ ಪೊರೆ ತೆಗೆದವರು. 1968ರಲ್ಲಿ ಅವರಿಗೆ ಪದ್ಮಭೂಷಣ ಬಂತು. ನಮ್ಮ ತಲೆಮಾರಿನ ಕನ್ನಡಿಗರಿಗೆ ಅವರ ಹೆಸರು ಮನೆಮಾತು.

ಅಮ್ಮನ ಕಾಲಕ್ಕೂ ನನ್ನ ಕಾಲಕ್ಕೂ ನಡುವಿನ ವ್ಯತ್ಯಾಸಕ್ಕೆ ಇಬ್ಬರು ವೈದ್ಯರು ಕಾರಣ. ಮಕ್ಕಳೇ, ಅವರ ಕಥೆ ನಿಮಗೆ ಇಷ್ಟವಾಗುತ್ತದೆ. ಎರಡನೇ ಮಹಾಯುದ್ಧದಲ್ಲಿ ವಿಮಾನದ ಮೇಲ್ಛಾವಣಿ ಒಡೆದು, ಅದರ ಪ್ಲಾಸ್ಟಿಕ್ ಚೂರುಗಳು ಕೆಲವು ಬ್ರಿಟಿಷ್ ಪೈಲಟ್‌ಗಳ ಕಣ್ಣಿನೊಳಗೆ ಸೇರಿಕೊಂಡಿದ್ದವು. ಕಣ್ಣು ಆ ಚೂರುಗಳಿಗೆ ಕೆರಳದೆ ಸುಮ್ಮನೆ ಇಟ್ಟುಕೊಂಡಿದ್ದನ್ನು ಹೆರಾಲ್ಡ್ ರಿಡ್ಲೆ ಎಂಬ ಡಾಕ್ಟರು ಗಮನಿಸಿದರು. ಹಾಗಾದರೆ ಆ ಬಗೆಯ ಪ್ಲಾಸ್ಟಿಕ್ಕಿನಿಂದಲೇ ಮಸೂರ ಮಾಡಿ ಒಳಗಿಡಬಹುದಲ್ಲ ಎಂದು ಯೋಚಿಸಿ, 1949ರಲ್ಲಿ ಲಂಡನ್ನಿನಲ್ಲಿ ಮೊದಲ ಬಾರಿ ಇಟ್ಟೇಬಿಟ್ಟರು. ಇನ್ನೊಬ್ಬರು ಅಮೆರಿಕದ ಚಾರ್ಲ್ಸ್ ಕೆಲ್ಮನ್. ಅವರು ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಕೂತಿದ್ದಾಗ, ಕಿವಿಗೆ ಕೇಳಿಸದಷ್ಟು ವೇಗದ ಶಬ್ದದ ಕಂಪನದಿಂದ ಹಲ್ಲಿನ ಪಾಚಿ ತೆಗೆಯುವ ಸಲಕರಣೆಯನ್ನು ಕಂಡರು. ಅದೇ ಕಂಪನದಿಂದ ಮಸೂರವನ್ನು ಪುಡಿಮಾಡಿ ಹೀರಿ ತೆಗೆಯುವ ವಿಧಾನವನ್ನು 1967ರಲ್ಲಿ ಬಳಕೆಗೆ ತಂದರು. ಈಗ ಆಗುವ ಗಾಯ ಮೂರು ಮಿಲಿಮೀಟರಿಗಿಂತ ಕಡಿಮೆ. ಸಾಮಾನ್ಯವಾಗಿ ಹೊಲಿಗೆಯೂ ಬೇಕಿಲ್ಲ.

ಆಪರೇಷನ್ನಿಗೆ ಮೊದಲು ಕೆಲವು ಪರೀಕ್ಷೆ ಮಾಡುತ್ತಾರೆ. ಪಾಪೆ ಅಗಲವಾಗುವ ಹನಿ ಹಾಕಿ ಕಣ್ಣಿನ ಹಿಂಭಾಗದ ಪರದೆ ನೋಡುತ್ತಾರೆ. ಕಣ್ಣಿನ ಒತ್ತಡ, ಬಿಪಿ, ಶುಗರ್, ಇಸಿಜಿ ನೋಡುತ್ತಾರೆ. ಕಣ್ಣುಗುಡ್ಡೆಯ ಉದ್ದವನ್ನೂ ಮುಂಭಾಗದ ಬಾಗನ್ನೂ ಯಂತ್ರದಲ್ಲಿ ಅಳೆದು, ಎಷ್ಟು ಶಕ್ತಿಯ ಮಸೂರ ಬೇಕೆಂದು ಲೆಕ್ಕ ಹಾಕುತ್ತಾರೆ. ಶರ್ಟಿಗೆ ದರ್ಜಿ ಅಳತೆ ತೆಗೆದ ಹಾಗೆ. ಈ ಹಂತದಲ್ಲಿ ಹಿರಿಯರು ಮರೆಯದೆ ಮಾಡಬೇಕಾದ್ದು, ತಾವು ನುಂಗುವ ಎಲ್ಲ ಮಾತ್ರೆಗಳನ್ನೂ ಡಾಕ್ಟರಿಗೆ ತೋರಿಸುವುದು. ನಾನು ಪ್ರಾಸ್ಟೇಟ್ ತೊಂದರೆಗೆ ಟ್ಯಾಮ್ಸುಲೋಸಿನ್ ಎಂಬ ಮಾತ್ರೆ ತೆಗೆದುಕೊಳ್ಳುತ್ತೇನೆ. ಕಣ್ಣಿಗೂ ಅದಕ್ಕೂ ಏನು ಸಂಬಂಧ ಎನಿಸಬಹುದು. ಅದು ಪಾಪೆಯ ಸುತ್ತಲಿನ ಪರದೆಯನ್ನು ಸಡಿಲಗೊಳಿಸುತ್ತದಂತೆ. ಮೊದಲೇ ತಿಳಿದಿದ್ದರೆ ಡಾಕ್ಟರು ಅದಕ್ಕೆ ಸಿದ್ಧರಾಗಿರುತ್ತಾರೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಅದನ್ನು ತಾವಾಗಿಯೇ ನಿಲ್ಲಿಸಬಾರದು, ಕೇಳಿಯೇ ಮಾಡಬೇಕು.

ಮಸೂರಗಳಲ್ಲೂ ಬಗೆಗಳಿವೆ. ದೂರಕ್ಕೆ ಮಾತ್ರ ಹೊಂದುವುದು, ದೂರ-ಹತ್ತಿರ ಎರಡಕ್ಕೂ ಹೊಂದುವುದು, ಸಿಲಿಂಡರ್ ಪವರ್ ಸರಿಪಡಿಸುವುದು. ಬೆಲೆಯೂ ಅದಕ್ಕೆ ತಕ್ಕಂತೆ ಏರುತ್ತದೆ. ನಾನು ದೂರದ್ದನ್ನು ಆರಿಸಿಕೊಂಡೆ. ಓದಲು ಕನ್ನಡಕ ಬೇಕಾಗುತ್ತದೆ ಎಂದರು. ಐವತ್ತು ವರ್ಷ ಮೂಗಿನ ಮೇಲೆ ಕೂತ ಕನ್ನಡಕ ನನಗೇನೂ ಪರಕೀಯವಲ್ಲ. ದುಬಾರಿ ಮಸೂರವೇ ಒಳ್ಳೆಯದೆಂದು ತಿಳಿಯಬೇಕಿಲ್ಲ. ನಿಮ್ಮ ಕಣ್ಣಿಗೆ, ನಿಮ್ಮ ಕೆಲಸಕ್ಕೆ ಯಾವುದು ಹೊಂದುತ್ತದೆ ಎಂದು ಕೇಳಿ. ಹಣದ ಅಡಚಣೆ ಇರುವವರೂ ಕುರುಡಾಗಿ ಕೂರಬೇಕಿಲ್ಲ. 1976ರಲ್ಲಿ ಆರಂಭವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದ ಅಡಿಯಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಮಾಡುತ್ತಾರೆ.

ಆ ದಿನ ಬೆಳಿಗ್ಗೆ ತಲೆಗೆ ಸ್ನಾನ ಮಾಡಿ ಹೋದೆ. ಇನ್ನು ಕೆಲವು ದಿನ ತಲೆಗೆ ನೀರು ಹಾಕಿಕೊಳ್ಳುವಂತಿಲ್ಲವಲ್ಲ. ನರ್ಸಮ್ಮ ಬಲ ಹುಬ್ಬಿನ ಮೇಲೆ ಗುರುತು ಹಾಕಿ, ಸ್ವಲ್ಪ ಸ್ವಲ್ಪ ಹೊತ್ತಿಗೆ ಹನಿ ಬಿಡುತ್ತ ಹೋದರು. ಮರಗಟ್ಟಿಸಲು ಸೂಜಿ ಕೂಡ ಚುಚ್ಚಲಿಲ್ಲ, ಹನಿಯಲ್ಲೇ ಆಯಿತು. ಕೆಲವರಿಗೆ ಇಂಜೆಕ್ಷನ್ ಬೇಕಾಗುತ್ತದೆ. ಮುಖಕ್ಕೆ ಬಟ್ಟೆ ಹೊದಿಸಿ ಕಣ್ಣಿನ ಜಾಗ ಮಾತ್ರ ತೆರೆದಿಟ್ಟರು. “ಕೆಮ್ಮು ಬಂದರೆ ಮೊದಲೇ ಹೇಳಿ, ತಲೆ ಅಲ್ಲಾಡಿಸಬೇಡಿ” ಎಂದರು. ಎದ್ದು ನೋಡುವುದಕ್ಕೆ ಅಲ್ಲಿ ಕತ್ತಿಯೂ ಕಾಣುವುದಿಲ್ಲ, ಚೂರಿಯೂ ಕಾಣುವುದಿಲ್ಲ. ಬಣ್ಣಬಣ್ಣದ ಬೆಳಕು ತೇಲಾಡುತ್ತದೆ, ಯಂತ್ರ ಗುಂಯ್‌ಗುಡುತ್ತದೆ, ಕಣ್ಣಿನ ಮೇಲೆ ತಣ್ಣನೆ ನೀರು ಹರಿಯುತ್ತದೆ, ಒಮ್ಮೊಮ್ಮೆ ಒತ್ತಿದಂತಾಗುತ್ತದೆ. ಹೊಸ ಮಸೂರವನ್ನು ಚಾಪೆಯಂತೆ ಸುರುಳಿ ಸುತ್ತಿ ಒಳಗೆ ಬಿಡುತ್ತಾರೆ, ಅದು ಒಳಗೆ ಹೋಗಿ ಬಿಚ್ಚಿಕೊಳ್ಳುತ್ತದೆ. ಇಪ್ಪತ್ತು ನಿಮಿಷದೊಳಗೆ “ಆಯ್ತು ತಾತ, ಏಳಿ” ಎಂದರು. ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿದ್ದೆ.

ನಿಜವಾದ ಶಿಸ್ತು ಬೇಕಾದ್ದು ಆಮೇಲೆ. ನಾಲ್ಕಾರು ವಾರ ಹನಿ ಹಾಕಬೇಕು, ಡಾಕ್ಟರು ಹೇಳಿದ ಹಾಗೆ ದಿನಕ್ಕೆ ಎಷ್ಟು ಸಲ ಎಂಬುದನ್ನು ಕಡಿಮೆ ಮಾಡುತ್ತ ಬರಬೇಕು. ಈ ಖಾತೆಯ ಜವಾಬ್ದಾರಿಯನ್ನು ಮೊಮ್ಮಗಳು ತೆಗೆದುಕೊಂಡಳು. ಹಳೆಯ ನೋಟ್‌ಬುಕ್ಕಿನಲ್ಲಿ ಕಂಬ ಎಳೆದು, ದಿನಾಂಕ, ಸಮಯ, ಔಷಧಿ ಬರೆದು, ಒಂದೊಂದು ಹನಿಗೂ ಟಿಕ್ ಹಾಕಿದಳು. ರಾತ್ರಿ ಲೆಕ್ಕ ಸರಿಹೋಗದಿದ್ದರೆ ಮಲಗಲು ಬಿಡುತ್ತಿರಲಿಲ್ಲ. ನಮ್ಮ ಹಳೆಯ ಮ್ಯಾನೇಜರೂ ಅಷ್ಟು ಕಟ್ಟುನಿಟ್ಟಿನವರಾಗಿರಲಿಲ್ಲ! ಹನಿ ಹಾಕುವುದನ್ನು ಮಕ್ಕಳೂ ಕಲಿಯಬಹುದು. ಮೊದಲು ಸೋಪಿನಿಂದ ಕೈ ತೊಳೆಯಿರಿ. ಕೆಳರೆಪ್ಪೆಯನ್ನು ಮೆಲ್ಲನೆ ಎಳೆದರೆ ಸಣ್ಣ ಜೇಬಿನಂತಾಗುತ್ತದೆ, ಅದರೊಳಗೆ ಒಂದೇ ಹನಿ. ಬಾಟಲಿಯ ಮೂತಿ ಕಣ್ಣಿಗೂ ಬೆರಳಿಗೂ ತಾಗಬಾರದು. ಎರಡು ಬಗೆಯ ಔಷಧಿ ಇದ್ದರೆ ನಡುವೆ ಐದು ನಿಮಿಷ ಬಿಡಬೇಕು. ಇಲ್ಲದಿದ್ದರೆ ಎರಡನೆಯದು ಮೊದಲನೆಯದನ್ನು ತೊಳೆದುಬಿಡುತ್ತದೆ.

ಕಣ್ಣು ಉಜ್ಜುವಂತಿಲ್ಲ. ರಾತ್ರಿ ಮಲಗುವಾಗ ಪ್ಲಾಸ್ಟಿಕ್ ಮುಚ್ಚಳ, ಹಗಲು ಕಪ್ಪು ಕನ್ನಡಕ. ನೀರು ತುಂಬಿದ ಬಕೆಟ್ ಎತ್ತುವಂತಿಲ್ಲ, ತಲೆ ತಗ್ಗಿಸಿ ಬಗ್ಗುವಂತಿಲ್ಲ, ಒಗ್ಗರಣೆಯ ಹೊಗೆಗೆ ಮುಖ ಕೊಡುವಂತಿಲ್ಲ. ಆ ವಾರ ಮನೆಯಲ್ಲೇ ಪೂಜೆಯಿತ್ತು. ದೇವರಿಗೆ ನಿಂತೇ ಕೈಮುಗಿದೆ. ಸೊಸೆ ಅತ್ತೆಗೆ ಇನ್ಸುಲಿನ್ ಚುಚ್ಚಿದಳು. ಮೊದಲ ದಿನಗಳಲ್ಲಿ ಕಣ್ಣಿನಲ್ಲಿ ಮರಳು ಬಿದ್ದಂತೆ ಕಿರಿಕಿರಿ, ಸ್ವಲ್ಪ ನೀರು, ಸ್ವಲ್ಪ ಕೆಂಪು ಇತ್ತು, ದಿನೇ ದಿನೇ ಕಡಿಮೆಯಾಯಿತು. ಹಾಗೆ ಕಡಿಮೆಯಾಗದೆ ನೋವು ಹೆಚ್ಚಾದರೆ, ದೃಷ್ಟಿ ಮಂಕಾದರೆ, ಕೀವು ಬಂದರೆ, ಮಿಂಚು ಹೊಡೆದಂತೆ ಅಥವಾ ಪರದೆ ಎಳೆದಂತೆ ಕಂಡರೆ, ನಾಳೆ ನೋಡೋಣ ಎನ್ನದೆ ಅಂದೇ ಆಸ್ಪತ್ರೆಗೆ ಹೋಗಬೇಕು. ಇದನ್ನು ಮನೆಯವರೆಲ್ಲರೂ ತಿಳಿದಿರಬೇಕು.

ಮರುದಿನ ಮುಚ್ಚಳ ತೆಗೆದಾಗ ಕಂಡದ್ದನ್ನು ಹೇಗೆ ಹೇಳಲಿ? ಅಂಗಳದ ಶಂಖಪುಷ್ಪ ನೀಲಿಯಾಗಿತ್ತು. ಅದು ಯಾವಾಗಲೂ ನೀಲಿಯೇ. ನನಗೆ ಮಾತ್ರ ವರ್ಷಗಳಿಂದ ಬೂದು ಬಣ್ಣದ್ದಾಗಿತ್ತು, ಆದದ್ದೇ ಗೊತ್ತಿರಲಿಲ್ಲ. ಹಳೆಯ ಮಸೂರ ಹಳದಿ ಬಣ್ಣಕ್ಕೆ ತಿರುಗಿ, ನೀಲಿ ಬೆಳಕನ್ನು ಒಳಗೆ ಬಿಡುವುದಿಲ್ಲ. ಫ್ರಾನ್ಸಿನ ಹೆಸರಾಂತ ಚಿತ್ರಕಾರ ಮೋನೆ 1923ರಲ್ಲಿ, ತನ್ನ ಎಂಬತ್ತೆರಡನೇ ವಯಸ್ಸಿನಲ್ಲಿ, ಪೊರೆ ತೆಗೆಸಿಕೊಂಡ ಮೇಲೆ ಎಲ್ಲವೂ ಅತಿ ನೀಲಿಯಾಗಿ ಕಾಣುತ್ತದೆ ಎಂದು ಗೊಣಗಿದ್ದನಂತೆ. ನಾನು ಗೊಣಗಲಿಲ್ಲ. ಎಡಗಣ್ಣಿಗೆ ಇನ್ನೂ ಆಪರೇಷನ್ ಆಗಿರಲಿಲ್ಲವಾದ್ದರಿಂದ ಒಂದೊಂದೇ ಕಣ್ಣು ಮುಚ್ಚಿ ಆಟವಾಡಿದೆ. ಎಡಗಣ್ಣಿಗೆ ನನ್ನ ಬಿಳಿ ಪಂಚೆ ಟೀ ಚೆಲ್ಲಿದಂತೆ, ಬಲಗಣ್ಣಿಗೆ ಈಗಷ್ಟೇ ನೀಲಿ ಹಾಕಿ ಒಗೆದಂತೆ. ಆಮೇಲೆ ಹೆಂಡತಿಯ ಮುಖ ನೋಡಿದೆ. ಸುಕ್ಕುಗಳು ಎಷ್ಟೊಂದು! “ಏನು ಹಾಗೆ ನೋಡ್ತೀರಿ?” ಎಂದಳು. “ನಿನಗೂ ವಯಸ್ಸಾಯ್ತು ಕಣೇ” ಎಂದೆ. “ಕನ್ನಡಿ ನೋಡಿಕೊಳ್ಳಿ” ಎಂದಳು.

ತಿಂಗಳ ನಂತರ ಎಡಗಣ್ಣಿಗೂ ಆಯಿತು. ಅದರ ಹನಿಗಳೆಲ್ಲ ಮುಗಿದ ಮೇಲೆ ಓದುವ ಕನ್ನಡಕ ಬಂತು. ಅದನ್ನು ಹಾಕಿಕೊಂಡು ಸಿರಿಂಜು ಎತ್ತಿದೆ. ಗೆರೆಗಳು ಲೆಡ್ಜರಿನ ಗೆರೆಗಳಂತೆ ನೆಟ್ಟಗೆ ನಿಂತಿದ್ದವು. ಹನ್ನೆರಡು ಎಂದರೆ ಹನ್ನೆರಡೇ. ತೆಗೆದ ಪೊರೆ ಮತ್ತೆ ಬರುವುದಿಲ್ಲ. ಕೆಲವರಿಗೆ ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಹೊಸ ಮಸೂರದ ಹಿಂದಿನ ತೆಳುಪರದೆ ಮಬ್ಬಾಗಬಹುದು. ಅದನ್ನು ಲೇಸರಿನಿಂದ ಕೆಲವೇ ನಿಮಿಷದಲ್ಲಿ ಸರಿಪಡಿಸುತ್ತಾರೆ.

ಮಕ್ಕಳೇ, ಅಜ್ಜ-ಅಜ್ಜಿಯರು ತಮಗೆ ಕಾಣುವುದಿಲ್ಲ ಎಂದು ಬಾಯಿಬಿಟ್ಟು ಹೇಳುವುದು ಅಪರೂಪ. ಬಲ್ಬು ಮಂಕಾಗಿದೆ ಎನ್ನುತ್ತಾರೆ, ಪತ್ರಿಕೆಯ ಅಚ್ಚು ಸರಿಯಿಲ್ಲ ಎನ್ನುತ್ತಾರೆ. ಈ ಭಾನುವಾರ ಒಂದು ಕೆಲಸ ಮಾಡಿ. ಅವರನ್ನು ಗೋಡೆಯ ಕ್ಯಾಲೆಂಡರಿನಿಂದ ಹತ್ತಡಿ ದೂರ ಕೂರಿಸಿ, ಕನ್ನಡಕ ಇದ್ದರೆ ಹಾಕಿಸಿ, ಒಂದು ಕಣ್ಣನ್ನು ಅಂಗೈಯಿಂದ ಒತ್ತದೆ ಮುಚ್ಚಿಸಿ ದಿನಾಂಕಗಳನ್ನು ಓದಿಸಿ. ಆಮೇಲೆ ಇನ್ನೊಂದು ಕಣ್ಣು. ತಡವರಿಸಿದರೆ ನಗಬೇಡಿ, ಅಪ್ಪ-ಅಮ್ಮನಿಗೆ ಹೇಳಿ, ಕಣ್ಣಿನ ಡಾಕ್ಟರ ಬಳಿ ಕರೆದುಕೊಂಡು ಹೋಗಲಿ. ಹನಿಯ ಲೆಕ್ಕಕ್ಕೆ ಒಂದು ನೋಟ್‌ಬುಕ್ಕನ್ನೂ ಈಗಲೇ ಎತ್ತಿಟ್ಟುಕೊಳ್ಳಿ.